ಕಡಲಿಲ್ಲದ ನಾಡಿನ ಕಡಲಹಕ್ಕಿ

ಕಡಲಹಕ್ಕಿಗಳು ಮೊಟ್ಟೆಯಿಟ್ಟು ಮರಿಮಾಡುವುದನ್ನು ನೋಡಬೇಕೆಂದರೆ ಕಡಲ ದಂಡೆಗೇ ಹೋಗಬೇಕೆಂಬುದು ಸಾಮಾನ್ಯವಾದ ನಂಬಿಕೆ. ಆದರೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಹೆಂಡಿರು ಮಕ್ಕಳೊಡನೆ ದಂಡೆಗುಂಟ ನಡೆದುಹೋಗಿ ಅಂಥ ನೋಟವನ್ನು ಕಂಡುಬರುವುದು ಅಷ್ಟು ಸುಲಭವಲ್ಲ. ವೆಂಗುರ್ಲಾದ ಎದುರಿಗೆ ಕಡಲಿನಲ್ಲಿ ಎದ್ದುನಿಂತ ಬಂಡೆಗಳ ಮೇಲೆ ಕಡಲ ರೀವಗಳು ಸಂಸಾರ ಹೂಡುತ್ತವೆ. ಹುಮಾಯೂನ್ ಅಬ್ದುಲಾಲಿಯವರು 1940ರ ಸುಮಾರಿನಲ್ಲಿ ಅಲ್ಲಿಗೆ ಹೋಗಿ ನೋಡಿ ಬರೆದಿದ್ದಾರೆ. ಮಳೆಗಾಲದ ಅಲೆಗಳ ಕಾಲದಲ್ಲಿ ಅಲ್ಲಿಗೆ ದೋಣಿಯನ್ನೊಯ್ಯುವ ಧೈರ್ಯ ಎಲ್ಲರಿಗೂ ಬರುವಂಥದಲ್ಲ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪವೂ ಹಾಗೆಯೆ. ಕಡಿದಾದ ಕಲ್ಲಿನ ಅಂಚು, ಮೇಲೆ ಬಿಳಿಹೊಟ್ಟೆಯ ಕಡಲಹದ್ದಿನ ವಾಸ. ನಮ್ಮಂಥವರು ಅದನ್ನು ದೂರದಿಂದಲೇ ಕಣ್ಣಿಗೆ ತುಂಬಿಕೊಳ್ಳಬೇಕು.

ಹೀಗಿರುವಾಗ, ಕಡಲಿನಿಂದ ಹಕ್ಕಿ ಹಾರುವ ಹಾದಿಯಲ್ಲಿ ಅಳೆದರೂ 200 ಕಿಲೋಮೀಟರ್‌ನಷ್ಟು ದೂರವಿರುವ ಬಾಗಲಕೋಟೆಯ ನೆಲದಲ್ಲಿ ಕಡಲಹಕ್ಕಿಗಳ ಬಳಗದ ಒಂದು ಹಕ್ಕಿ ಪ್ರತಿ ಬೇಸಗೆಯಲ್ಲಿಯೂ ಮರಿಮಾಡುತ್ತದೆ ಎಂದರೆ ಕೇಳುಗರಲ್ಲಿ ಕೆಲವರಿಗಾದರೂ ಸೋಜಿಗವಾದೀತು. ಇಂಗ್ಲಿಷಿನವರು ರಿವರ್ ಟರ್ನ್ ಎಂದು ಕರೆಯುವ ಈ ಹಕ್ಕಿಗೆ ನಮ್ಮ ಪಕ್ಷಿಪುಸ್ತಕಗಳು ನದಿ ರೀವ ಎಂಬ ಚೆಲುವಾದ ಹೆಸರನ್ನು ಕೊಟ್ಟಿವೆ. ಕಡಲಕಾಗೆಗಳೂ ರೀವಗಳೂ ಒಂದೇ ಕುಟುಂಬಕ್ಕೆ ಸೇರಿದವು. ಆ ಕುಟುಂಬದ ಹೆಚ್ಚಿನವು ಉಪ್ಪುನೀರನ್ನು ನೆಚ್ಚಿದವು. ಅವುಗಳಲ್ಲೊಂದು ಉತ್ತರ ಧ್ರುವದ ನೆರೆಯಿಂದ ದಕ್ಷಿಣ ಧ್ರುವದ ನೆರೆಯವರೆಗೆ ವರ್ಷವರ್ಷವೂ ಹೋಗಿಬರುತ್ತದೆ. ನಮ್ಮ ನದಿ ರೀವ ಮಾತ್ರ ಸಿಹಿನೀರಿಗೆ ಒಗ್ಗಿ, ಹೊಳೆಯ ಮಳಲನ್ನೇ ತವರುಮನೆ ಮಾಡಿಕೊಂಡದ್ದು.

ರೂಪವನ್ನು ಹೇಳುವುದಾದರೆ, ಪಾರಿವಾಳಕ್ಕಿಂತ ತುಸು ಉದ್ದನಾದ, ಅದಕ್ಕಿಂತ ಬಹಳ ತೆಳ್ಳಗಿನ ಮೈ. ಬೆನ್ನು ಬೂದಿಬಣ್ಣ, ಹೊಟ್ಟೆ ಬಿಳುಪು. ಬೇಸಗೆಯಲ್ಲಿ ತಲೆಯ ಮೇಲೆ ಕಣ್ಣನ್ನೂ ಮುಚ್ಚುವಂತೆ ಕಪ್ಪು ಟೊಪ್ಪಿಗೆ. ಅರಿಸಿನದಂಥ ಹಳದಿ ಕೊಕ್ಕು, ಕುಂಕುಮದ ಬಣ್ಣದ ಗಿಡ್ಡ ಕಾಲು, ಕತ್ತರಿಯಂತೆ ಸೀಳಿದ ಉದ್ದ ಬಾಲ. ನೀರಿನ ಮೇಲೆ ಕೊಕ್ಕನ್ನು ಕೆಳಗೆ ಮಾಡಿಕೊಂಡು ಹಾರುತ್ತ, ಮೀನು ಕಂಡೊಡನೆ ರೆಕ್ಕೆ ಮಡಿಚಿ ಕಲ್ಲು ಬಿದ್ದಂತೆ ಬೀಳುತ್ತದೆ. ಗಂಡು ತಾನು ಹಿಡಿದ ಮೀನನ್ನು ತಿನ್ನದೆ ಕೊಕ್ಕಿನಲ್ಲಿ ಹಿಡಿದು ಹೆಣ್ಣಿನ ಮುಂದೆ ಠೀವಿಯಿಂದ ನಡೆದಾಡಿ ಕಾಣಿಕೆಯಾಗಿ ಒಪ್ಪಿಸುವುದುಂಟು. ವರದಕ್ಷಿಣೆಯ ದಿಕ್ಕು ಹಕ್ಕಿಗಳಲ್ಲಿ ನೆಟ್ಟಗಿದೆ ಎಂದು ನನ್ನ ಹೆಂಡತಿಯ ಟೀಕೆ.

ಈ ಹಕ್ಕಿಗೆ ಕಾವ್ಯದಲ್ಲಿ ಸ್ಥಾನವಿದೆಯೆ? ನಮ್ಮ ಕವಿಸಮಯವು ಹಂಸ, ಚಕೋರ, ಚಕ್ರವಾಕಗಳಿಗೆ ಪೀಠವನ್ನು ಹಾಕಿಕೊಟ್ಟು ಉಳಿದ ನೀರಹಕ್ಕಿಗಳನ್ನು ಹೊಸ್ತಿಲಿನಾಚೆಗೇ ನಿಲ್ಲಿಸಿತು. ಆದರೂ ಒಂದು ಬಾಗಿಲು ತೆರೆದಿದೆ. ರಘುವಂಶದ ಹದಿನಾಲ್ಕನೆಯ ಸರ್ಗದಲ್ಲಿ, ಲಕ್ಷ್ಮಣನು ಗಂಗೆಯ ದಡದಲ್ಲಿ ಬಿಟ್ಟುಹೋದ ಬಳಿಕ ಸೀತೆ ಕುರರಿಯಂತೆ ಮೊರೆಯಿಟ್ಟಳೆಂದು ಕಾಳಿದಾಸನು ಹೇಳುತ್ತಾನೆ. ನಿಘಂಟುಗಳು ಕುರರಕ್ಕೆ ಮೀನುಹದ್ದು ಎಂದು ಅರ್ಥ ಬರೆದಿವೆ. ಕುರರಿಯೆಂದರೆ ರೀವವೇ ಆಗಿರಬೇಕೆಂದು ವಾದಿಸಿದವರೂ ಇದ್ದಾರೆ. ನಾನಂತೂ ಎರಡನೆಯ ಪಕ್ಷದವನು. ಹದ್ದಿನ ಕೂಗಿನಲ್ಲಿ ಅಧಿಕಾರವಿದೆ, ಅಳಲಿಲ್ಲ. ಮೊಟ್ಟೆಗಳ ಮೇಲೆ ನೆರಳು ಬಿದ್ದಾಗ ರೀವವು ತಲೆಯ ಮೇಲೆ ಸುತ್ತುತ್ತ ಇಡುವ ಮೊರೆಯನ್ನು ಒಮ್ಮೆ ಕೇಳಿದವರು, ಹೊಳೆಯ ದಡದಲ್ಲಿ ದಿಕ್ಕುಗಾಣದೆ ನಿಂತ ತುಂಬುಬಸುರಿಗೆ ಆ ಉಪಮೆ ಏಕೆ ಒದಗಿತೆಂದು ತಾವೇ ತಿಳಿದುಕೊಳ್ಳುತ್ತಾರೆ.

ಇನ್ನು ಕಡಲಿಗೂ ನಮ್ಮ ಸೀಮೆಗೂ ಸಂಬಂಧವೇ ಇಲ್ಲವೆಂದು ತಿಳಿಯಬೇಕಾಗಿಲ್ಲ. ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುತಿ ಗುಡಿಯಲ್ಲಿ, 634ರಲ್ಲಿ, ರವಿಕೀರ್ತಿ ಬರೆದ ಶಾಸನವು ಬಾದಾಮಿಯ ಇಮ್ಮಡಿ ಪುಲಕೇಶಿಯು ಹಡಗುಗಳ ಸಮೂಹದೊಡನೆ ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದ್ದನ್ನು ವರ್ಣಿಸುತ್ತದೆ. ಆ ಗುಡ್ಡದ ಮೇಲೆ ನಿಂತು ನೋಡಿದರೆ ಕಣ್ಣಿಗೆ ಬೀಳುವ ನೀರು ಮಲಪ್ರಭೆಯೊಂದೇ. ಅದೂ ಬೇಸಗೆಯಲ್ಲಿ ಬಂಡೆಗಳ ನಡುವೆ ಮಡುಗಟ್ಟಿ ನಿಂತದ್ದು.

ಆದರೆ ಈಗ ನಮ್ಮಲ್ಲಿ ಒಂದು ಕಡಲು ಹುಟ್ಟಿಕೊಂಡಿದೆ. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟುವ ಅಣೆಕಟ್ಟಿಗೆ ಲಾಲ್ ಬಹಾದೂರ್ ಶಾಸ್ತ್ರಿಗಳು 1964ರಲ್ಲಿ ಅಡಿಗಲ್ಲನ್ನಿಟ್ಟರು. ನಾಲ್ಕು ದಶಕಗಳ ಬಳಿಕ, 2006ರಲ್ಲಿ, ರಾಷ್ಟ್ರಪತಿ ಅಬ್ದುಲ್ ಕಲಾಮರು ಅದನ್ನು ನಾಡಿಗೆ ಅರ್ಪಿಸಿದರು. ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರದವರೆಗೆ ನೀರು ನಿಂತಾಗ ಅದು ಕೃಷ್ಣೆಯಲ್ಲಿ ಅಷ್ಟೇ ಅಲ್ಲ, ಘಟಪ್ರಭೆಯಲ್ಲಿಯೂ ಹಿಂದಕ್ಕೆ ಸರಿದು ಬಾಗಲಕೋಟೆಯ ಹಳೆಯ ಪೇಟೆಯ ಓಣಿಗಳನ್ನು ಮುಟ್ಟುತ್ತದೆ. ಹಳೆಯ ಊರಿನ ಒಂದು ಪಾಲು ಮುಳುಗಿತು, ನವನಗರ ಎದ್ದಿತು, ಎಷ್ಟೋ ಹಳ್ಳಿಗಳು ತಮ್ಮ ಹೆಸರನ್ನು ಹೊತ್ತುಕೊಂಡು ಗುಡ್ಡ ಏರಿದವು. ಆ ನೋವಿನ ಕಥೆಯನ್ನು ಬಲ್ಲವರು ಬೇರೆಡೆ ಹೇಳಿದ್ದಾರೆ. ನಾನು ಹೇಳಹೊರಟಿರುವುದು ಆ ನೀರು ಇಳಿದಾಗ ಏನಾಗುತ್ತದೆ ಎಂಬುದನ್ನು.

ಮಳೆಗಾಲದಲ್ಲಿ ತುಂಬಿದ ಜಲಾಶಯದ ನೀರು ಚಳಿಗಾಲ ಕಳೆಯುತ್ತಿದ್ದಂತೆ ಕಾಲುವೆಗಳಿಗೆ, ಊರುಗಳಿಗೆ, ಬಿಸಿಲಿಗೆ ಸಂದು ಇಳಿಯತೊಡಗುತ್ತದೆ. ಮೊದಲು ದಂಡೆಯ ಕೆಸರು ಬಯಲಾಗುತ್ತದೆ. ಅಲ್ಲಿಗೆ ರಾಜಹಂಸಗಳು ಬಂದು ಕೊಕ್ಕನ್ನು ತಲೆಕೆಳಗು ಮಾಡಿ ಕೆಸರುನೀರನ್ನು ಸೋಸುತ್ತವೆ. ಅವುಗಳ ಗುಲಾಬಿ ಸಾಲನ್ನು ನೋಡಲು ಜನ ದೂರದಿಂದ ಬರುತ್ತಾರೆ, ಪತ್ರಿಕೆಗಳಲ್ಲಿ ಚಿತ್ರಗಳು ಬರುತ್ತವೆ. ರಾಜಹಂಸ ಇಲ್ಲಿ ಅತಿಥಿ. ಉಂಡು ಹೋಗುತ್ತದೆ, ತೊಟ್ಟಿಲು ಕಟ್ಟಲು ಅದಕ್ಕೆ ಕಚ್ಛದ ರಣವೇ ಬೇಕು. ಅತಿಥಿಗಳು ಹೋಗಿ ನೋಡುವ ಜನವೂ ಹೋದ ಮೇಲೆ, ಮಾರ್ಚ್ ತಿಂಗಳಿನಲ್ಲಿ, ನೀರಿನ ನಡುವೆ ಒಂದೊಂದಾಗಿ ದಿಬ್ಬಗಳು ತಲೆಯೆತ್ತುತ್ತವೆ. ಒಂದು ಕಾಲಕ್ಕೆ ಯಾರದೋ ಹೊಲದ ಬದು, ಯಾವುದೋ ಊರಿನ ಹಾಳು ಗೋಡೆ, ಹೊಳೆಯ ಹಳೆಯ ಮಳಲದಿಣ್ಣೆ. ಹುಲ್ಲಿಲ್ಲದ, ಗಿಡವಿಲ್ಲದ, ಸುತ್ತಲೂ ನೀರಿರುವ ಬೋಳು ನೆಲ. ರೀವಕ್ಕೆ ಬೇಕಾದದ್ದು ಅದೇ.

ಕಳೆದ ಏಪ್ರಿಲ್‌ನಲ್ಲಿ ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು ರಜೆಗೆ ಬಂದಿದ್ದಾಗ ನಾವೆಲ್ಲ ಒಂದು ದಿನ ನಸುಕಿನಲ್ಲಿ ಹೊರಟು ಹಿನ್ನೀರಿನ ಅಂಚುಗುಂಟ ಎರಡು ಹರದಾರಿಯಷ್ಟು ನಡೆದೆವು. ಸಜ್ಜಿಯ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕಟ್ಟಿಕೊಂಡಿದ್ದೆವು; ಹಳೆಯದೊಂದು ದುರ್ಬೀನು ಇತ್ತು. ಸಮುದ್ರದ ಹಕ್ಕಿಯನ್ನು ತೋರಿಸುತ್ತೇನೆಂದು ನಾನು ಹೇಳಿದ್ದನ್ನು ನೆನಪಿಟ್ಟಿದ್ದ ಮೊಮ್ಮಗಳು ಹೆಜ್ಜೆಗೊಮ್ಮೆ, “ಅಜ್ಜಾ, ಸಮುದ್ರ ಎಲ್ಲೈತಿ?” ಎಂದು ಕೇಳುತ್ತಿದ್ದಳು. ನೀರು ವಾರವಾರಕ್ಕೆ ಇಳಿದುಹೋದ ಗುರುತು ದಂಡೆಯ ಮಣ್ಣಿನಲ್ಲಿ ಗೆರೆಗೆರೆಯಾಗಿ ಮೂಡಿತ್ತು. ಅದನ್ನು ನೋಡಿ ನನ್ನವಳು ಇಳಕಲ್ಲ ಸೀರೆಯ ಗೋಮಿ ದಡಿಯನ್ನು ನೆನೆದಳು. ದಡಕ್ಕೂ ದಡಿಗೂ ಇರುವ ನಂಟನ್ನು ವಿವರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಎಲ್ಲರೂ ಮುಂದಕ್ಕೆ ನಡೆದಿದ್ದರು.

ನಾವು ನೋಡಬೇಕೆಂದಿದ್ದ ನಡುಗಡ್ಡೆ ಅಂದು ನಡುಗಡ್ಡೆಯಾಗಿ ಉಳಿದಿರಲಿಲ್ಲ. ನೀರು ಇನ್ನಷ್ಟು ಇಳಿದು, ದಂಡೆಗೂ ಅದಕ್ಕೂ ನಡುವೆ ಒಂದು ಮಾರು ಅಗಲದ ಕೆಸರಿನ ಕೊರಳು ಎದ್ದುಬಿಟ್ಟಿತ್ತು. ಮೊಮ್ಮಗನಿಗೆ ಹಿಗ್ಗೋ ಹಿಗ್ಗು, ನಡೆದೇ ಹೋಗಬಹುದಲ್ಲ! ಅಷ್ಟರಲ್ಲಿ ತೆಪ್ಪವನ್ನು ದಂಡೆಗೆ ಎಳೆದು ಬಲೆ ಬಿಡಿಸುತ್ತಿದ್ದ ಮೀನುಗಾರರೊಬ್ಬರು ನಮ್ಮನ್ನು ತಡೆದರು. “ಇಲ್ಲೇ ಕುಂದರ್ರಿ ಸರ. ಮುಂದ ಹೋಗಬ್ಯಾಡ್ರಿ. ನೀವು ಹೋದ್ರ ಅವು ಏಳ್ತಾವ. ಅವು ಎದ್ರ ಬಿಸಲಿಗೆ ತತ್ತಿ ಬೇಯ್ತಾವ.”

ಈ ಮಾತಿನಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ. ಹಕ್ಕಿ ಮೊಟ್ಟೆಯ ಮೇಲೆ ಕೂರುವುದು ಕಾವು ಕೊಡಲೆಂದು ನಾವು ಓದಿದ್ದೇವೆ; ಕಾವು ಕೂರುವುದು ಎಂಬ ಮಾತೇ ಅದನ್ನು ಹೇಳುತ್ತದೆ. ಬಾಗಲಕೋಟೆಯ ಏಪ್ರಿಲ್‌ನಲ್ಲಿ ಅರ್ಥ ತಿರುವುಮುರುವು. ನೆರಳಿನಲ್ಲಿಯೇ 40 ಡಿಗ್ರಿಯ ಹತ್ತಿರ ಸುಳಿಯುವ ಬೇಗೆ ಬಯಲ ಮಣ್ಣಿನಲ್ಲಿ ಅದಕ್ಕಿಂತ ಬಹಳ ಹೆಚ್ಚು. ಮೊಟ್ಟೆಯೊಳಗಿನ ಜೀವಕ್ಕೆ ಹಿತವಾದದ್ದು 37–38 ಡಿಗ್ರಿ. ಅದಕ್ಕಿಂತ ನಾಲ್ಕೈದು ಡಿಗ್ರಿ ಏರಿ ಹಾಗೆಯೇ ನಿಂತರೆ ಅದು ಉಳಿಯದು. ಆದ್ದರಿಂದ ಹೊತ್ತು ಏರಿದ ಮೇಲೆ ರೀವವು ಮೊಟ್ಟೆಯ ಮೇಲೆ ಕೂರುವುದಿಲ್ಲ; ಕಾಲು ನೆಟ್ಟಗೆ ಮಾಡಿ, ರೆಕ್ಕೆ ಸಡಿಲಿಸಿ, ಕೊಕ್ಕು ತೆರೆದು ಏದುತ್ತ ಮೊಟ್ಟೆಗೆ ನೆರಳಾಗಿ ನಿಲ್ಲುತ್ತದೆ. ಗಂಡು ಹೆಣ್ಣುಗಳು ಸರದಿಯಾಗಿ ಹೋಗಿ ನೀರಿಗೆ ಹೊಟ್ಟೆಯನ್ನು ಸೋಕಿಸಿ, ತೊಯ್ದ ಗರಿಗಳೊಡನೆ ಬಂದು ಮೊಟ್ಟೆಗಳನ್ನು ತಂಪು ಮಾಡುತ್ತವೆ. ಗೂಡೆಂಬುದು ಹೆಸರಿಗೆ ಮಾತ್ರ. ಎದೆಯಿಂದ ತಿಕ್ಕಿ ಮಾಡಿದ ಬೊಗಸೆಯಷ್ಟು ತಗ್ಗು. ಅದರಲ್ಲಿ ಮಣ್ಣಿನ ಬಣ್ಣಕ್ಕೆ ಕಂದು ಚುಕ್ಕೆಯಿಟ್ಟ ಎರಡು ಮೂರು ಮೊಟ್ಟೆ. ಕಾಲಿನಡಿಗೆ ಬಂದರೂ ಕಾಣಿಸವು, ತುಳಿದ ಮೇಲೆಯೇ ತಿಳಿಯುವುದು.

ನಾವು ಕೆಸರಿನ ಕೊರಳಿನಿಂದ ದೂರಕ್ಕೆ ಸರಿದು ಜಾಲಿಯ ನೆರಳಿನಲ್ಲಿ ಕುಳಿತೆವು. ಅಲ್ಲಿ ಇದ್ದದ್ದು ರೀವಗಳಷ್ಟೇ ಅಲ್ಲ. ಗುಬ್ಬಿಗಿಂತ ತುಸು ದೊಡ್ಡವಾದ, ಮಣ್ಣಿನ ಹೆಂಟೆಯಂತೆ ಕೂರುವ ಚಿಟವಗಳೂ ಅದೇ ಕೇರಿಯಲ್ಲಿ ನೆಲೆಸಿದ್ದವು. ಹತ್ತು ಗಂಟೆಯ ಸುಮಾರಿಗೆ ಒಂದು ನಾಯಿ ಬಂದಿತು. ಮೂಸುತ್ತ ಮೂಸುತ್ತ ಕೊರಳನ್ನು ಹಿಡಿದು ನಡೆಯಿತು. ಅರ್ಧ ದಾಟುವಷ್ಟರಲ್ಲಿ ನಡುಗಡ್ಡೆಯ ಬಿಳುಪೆಲ್ಲ ಒಮ್ಮೆಗೇ ಎದ್ದು ಆಕಾಶಕ್ಕೆ ಹೋಯಿತು. ಎರಡು ಮೂರು ಚಿಟವಗಳು ನಾಯಿಯ ಮುಂದೆ ನೆಲಕ್ಕೆ ಬಿದ್ದು, ರೆಕ್ಕೆ ಮುರಿದವರಂತೆ ಹೊರಳಾಡಿ, ಅದನ್ನು ಬೇರೆ ದಿಕ್ಕಿಗೆ ಸೆಳೆಯಲು ನೋಡಿದವು. ರೀವಗಳದು ಆ ನಾಟಕವಲ್ಲ, ನೇರ ಯುದ್ಧ. ಒಂದರ ಹಿಂದೆ ಒಂದು ಮೇಲಿನಿಂದ ಎರಗಿ ನಾಯಿಯ ತಲೆಯನ್ನು ಸವರಿಕೊಂಡು ಹೋದವು. ಮೊಮ್ಮಗಳು ನನ್ನ ಕೈಗಡಿಯಾರವನ್ನು ಹಿಡಿದುಕೊಂಡಿದ್ದಳು; ತತ್ತಿಗಳು ಬಿಸಿಲಿಗೆ ಬಿದ್ದು ಎಷ್ಟು ಹೊತ್ತಾಯಿತೆಂದು ಎಣಿಸುತ್ತಿದ್ದಳು. ನಾಲ್ಕು ನಿಮಿಷ. ಏಳು ನಿಮಿಷ. ಆ ಹೊತ್ತಿಗೆ ಮೀನುಗಾರರು ಕೂಗುತ್ತ ಹೋಗಿ ಹೆಂಟೆಯಿಂದ ಹೊಡೆದ ಮೇಲೆ ನಾಯಿ ಹಿಂದಿರುಗಿತು. ಹಕ್ಕಿಗಳು ಇಳಿದು, ಪ್ರತಿಯೊಂದೂ ತನ್ನ ಬೊಗಸೆ ತಗ್ಗನ್ನು ಹುಡುಕಿಕೊಂಡು ನಿಲ್ಲುವಷ್ಟರಲ್ಲಿ ಹನ್ನೊಂದು ನಿಮಿಷವಾಗಿತ್ತು.

ಪಂಚತಂತ್ರದ ಟಿಟ್ಟಿಭನ ಕಥೆಯನ್ನು ಅಲ್ಲಿಯೇ ಮಕ್ಕಳಿಗೆ ಹೇಳಿದೆ. ಕಡಲ ದಂಡೆಯಲ್ಲಿ ಮೊಟ್ಟೆಯಿಡಬಾರದೆಂದು ಹೆಣ್ಣು ಹೇಳಿತು. ಸಮುದ್ರಕ್ಕೆ ನನ್ನ ಮೊಟ್ಟೆಯನ್ನು ಮುಟ್ಟುವ ಎದೆಯೆಲ್ಲಿ ಎಂದು ಗಂಡು ಬಡಾಯಿ ಕೊಚ್ಚಿತು. ಸಮುದ್ರ ಅದನ್ನು ಕೇಳಿಸಿಕೊಂಡು ಮೊಟ್ಟೆಗಳನ್ನು ಕೊಂಡೊಯ್ದಿತು. ಹಕ್ಕಿಗಳೆಲ್ಲ ಕೂಡಿ ಗರುಡನಿಗೆ ದೂರಿದವು. ಗರುಡ ವಿಷ್ಣುವಿಗೆ ದೂರಿದ. ವಿಷ್ಣು ಬಾಣವನ್ನು ಹೂಡಿದ ಮೇಲೆ ಸಮುದ್ರ ಮೊಟ್ಟೆಗಳನ್ನು ಹಿಂದಕ್ಕೆ ಕೊಟ್ಟಿತು. ನಾನು ತರಗತಿಗಳಲ್ಲಿ ಇದನ್ನು ಬಡವರ ಒಗ್ಗಟ್ಟಿನ ಕಥೆಯೆಂದು ಪಾಠ ಹೇಳುತ್ತಿದ್ದೆ, ಅದು ಸರಿಯೇ. ಈಗ ಅದರಲ್ಲಿ ನೀರಂಚಿನ ಹಕ್ಕಿಗಳನ್ನು ನಿಂತು ನೋಡಿದವನೊಬ್ಬನ ಕಣ್ಣೂ ಕಾಣುತ್ತದೆ. ಹೆಣ್ಣುಹಕ್ಕಿಯ ಅಂಜಿಕೆ ಪೂರ್ತಿ ನಿಜ.

ಆ ಅಂಜಿಕೆಯ ಲೆಕ್ಕವನ್ನು ಕೊಂಚ ಬಿಡಿಸಿ ಹೇಳಬೇಕು. ಮೊಟ್ಟೆ ಮರಿಯಾಗಲು ಮೂರು ವಾರದಷ್ಟು ಕಾಲ ಬೇಕು. ಮರಿ ರೆಕ್ಕೆ ಬಲಿತು ಹಾರಲು ಮತ್ತೆ ನಾಲ್ಕು ವಾರದಷ್ಟು. ಒಟ್ಟು ಏಳು ವಾರ. ಮಾರ್ಚ್ ನಡುವೆ ಇಟ್ಟ ಮೊಟ್ಟೆ ಮೇ ಮೊದಲಿಗೆ ಹಾರುವ ಹಕ್ಕಿಯಾಗುತ್ತದೆ. ಈ ಏಳು ವಾರ ನೀರು ಏರಲೂ ಕೂಡದು, ಬಹಳ ಇಳಿಯಲೂ ಕೂಡದು. ಬೇಸಗೆಯಲ್ಲಿ ಕುಡಿಯುವ ನೀರಿಗೆಂದು ಮೇಲಿನ ಜಲಾಶಯಗಳಿಂದ ಹೊಳೆಗೆ ನೀರು ಬಿಡುವುದುಂಟು. ಅಂಚಿನಲ್ಲಿರುವ ತಗ್ಗುಗಳಿಗೆ ಒಂದು ಗೇಣು ಏರಿದರೂ ಸಾಕು, ಟಿಟ್ಟಿಭನ ಕಥೆಯ ಮೊದಲರ್ಧ ನಡೆದುಹೋಗುತ್ತದೆ, ಉತ್ತರಾರ್ಧಕ್ಕೆ ಗರುಡನಿಲ್ಲ. ನೀರು ಬಿಡಬಾರದೆಂದು ಹೇಳುವ ಬಾಯಿ ಯಾರಿಗಿದೆ? ಕೆಳಗಿನ ಊರುಗಳ ಕೊಡಗಳು ಬರಿದಾಗಿರುತ್ತವೆ. ಇನ್ನು ನೀರು ಇಳಿದರೆ ಕೆಸರಿನ ಕೊರಳು ಎದ್ದು ನಾಯಿ, ನರಿ, ದನಕರುಗಳಿಗೆ ಸೇತುವೆಯಾಗುತ್ತದೆ. ಬಯಲಾದ ನೆಲವನ್ನು ರೈತರು ಉಳುವುದೂ ಉಂಟು. ಅದು ಅವರ ತಂದೆತಾತಂದಿರ ನೆಲ. ವರ್ಷಕ್ಕೆ ನಾಲ್ಕು ತಿಂಗಳು ಮಾತ್ರ ನೀರಿನಿಂದ ಮರಳಿ ಬರುವಂಥದು. ಅಲ್ಲಿ ಕುಂಟೆ ಹೊಡೆಯಬೇಡವೆನ್ನಲು ನನಗೆ ನಾಲಗೆ ಏಳುವುದಿಲ್ಲ.

ಮೊದಲ ಮೊಟ್ಟೆಗಳು ಹಾಳಾದರೆ ರೀವ ಮತ್ತೊಮ್ಮೆ ಇಡಬಲ್ಲದು. ಆದರೆ ಮೇ ಮೊದಲಿಗೆ ಇಟ್ಟದ್ದು ಹಾರಬೇಕಾದರೆ ಜೂನ್ ಕೊನೆಯಾಗಬೇಕು. ಅಷ್ಟರಲ್ಲಿ ಸಹ್ಯಾದ್ರಿಯ ಮೇಲೆ ಮಳೆ ಹಿಡಿದು, ಇಲ್ಲಿ ಹನಿ ಬೀಳದಿದ್ದರೂ ಕೃಷ್ಣೆ ಕೆಂಪಾಗಿ ಬರುತ್ತಾಳೆ. ಹೀಗಾಗಿ ಎರಡನೆಯ ಸರದಿಯೆಂಬುದು ಬಹುಮಟ್ಟಿಗೆ ಜೂಜು. ದಕ್ಷಿಣದಲ್ಲಿ ಲಕ್ಕವಳ್ಳಿಯ ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿಯೂ ಈ ಹಕ್ಕಿಗಳು ಸಾವಿರಗಟ್ಟಲೆ ನೆರೆಯುತ್ತವೆ. ಅಲ್ಲಿ ಸುತ್ತಲೂ ಕಾಡಿದೆ, ಅರಣ್ಯ ಇಲಾಖೆಯ ಕಾವಲಿದೆ. ನಮ್ಮಲ್ಲಿ ಸುತ್ತಲೂ ಊರು. ಏಷ್ಯಾದ ಹೊಳೆಗಳಲ್ಲೆಲ್ಲ ಮಳಲು ಬರಿದಾಗಿ, ಅಣೆಕಟ್ಟುಗಳು ಎದ್ದು, ಈ ಹಕ್ಕಿಯ ಸಂಖ್ಯೆ ಕುಗ್ಗುತ್ತ ಬಂದುದರಿಂದ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 2020ರಲ್ಲಿ ಇದನ್ನು ಅಪಾಯಕ್ಕೆ ಈಡಾಗಬಲ್ಲ ಜೀವಿಗಳ ಪಟ್ಟಿಗೆ ಸೇರಿಸಿತು. ಹೊಳೆಯನ್ನು ಕಟ್ಟಿದ್ದರಿಂದ ಕೆಟ್ಟ ಹಕ್ಕಿಗೆ ಕಟ್ಟಿದ ನೀರಿನ ನಡುವೆಯೇ ನೆಲೆ ಸಿಕ್ಕಿರುವುದು ಒಂದು ವಿಚಿತ್ರ.

ಮೇ ತಿಂಗಳ ಎರಡನೆಯ ವಾರ, ಮಕ್ಕಳ ರಜೆ ಮುಗಿಯುವ ಮುನ್ನ, ಮತ್ತೊಮ್ಮೆ ಅಲ್ಲಿಗೆ ಹೋದೆವು. ಕೆಸರಿನ ಕೊರಳಿನ ಮೇಲೆ ಯಾರೋ ಬಳ್ಳಾರಿ ಜಾಲಿಯ ಮುಳ್ಳುಕಂಟಿಗಳನ್ನು ಕಡಿದು ತಂದು, ಹೊಲಕ್ಕೆ ಬೇಲಿ ಹಾಕುವಂತೆ ಎದೆಮಟ್ಟ ಒಟ್ಟಿದ್ದರು. ಯಾರು ಮಾಡಿದ್ದೆಂದು ಕೇಳಿದಾಗ ಅದೇ ಮೀನುಗಾರರು, “ನಾವ ಹಚ್ಚೇವ್ರಿ. ಅವು ಎಲ್ಲಿ ಬೀಳ್ತಾವ ಅಲ್ಲೆ ಮೀನ ಇರ್ತಾವ. ಅವು ಹ್ವಾದ್ರ ನಮಗ ತೋರಸವ್ರು ಯಾರ?” ಎಂದರು. ಇದಕ್ಕಿಂತ ಹೆಚ್ಚಿನ ತತ್ತ್ವವನ್ನು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ದುರ್ಬೀನಿನಲ್ಲಿ ಮೊಮ್ಮಗಳು ಮರಿಗಳನ್ನು ಎಣಿಸಿದಳು. ಮಣ್ಣಿನ ಬಣ್ಣದ ಮರಿ ಅಲುಗಾಡಿದರೆ ಮಾತ್ರ ಕಾಣುತ್ತದೆ. ತಾಯಿ ಮೀನು ಹಿಡಿದು ಕೂಗುತ್ತ ಬಂದಾಗ, ಆ ಕೂಗನ್ನು ಗುರುತಿಸಿ ತನ್ನ ಮರಿಯೊಂದೇ ಓಡಿಬರುತ್ತದೆ. ಆ ಓಟಗಳನ್ನು ಎಣಿಸಿ ಅವಳು ಹದಿನಾಲ್ಕು ಎಂದಳು, ಅವಳಣ್ಣ ಹನ್ನೆರಡು ಎಂದ. ಎರಡು ಮರಿಗಳ ಸಲುವಾಗಿ ಮನೆ ಮುಟ್ಟುವವರೆಗೆ ಜಗಳ ನಡೆಯಿತು.

ಕೊನೆಯದಾಗಿ ಒಂದು ಸಂಗತಿ. ಆಲಮಟ್ಟಿಯ ನೀರಿನ ಮಟ್ಟವನ್ನು 519.60ರಿಂದ 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಾಧಿಕರಣವು 2010ರ ತೀರ್ಪಿನಲ್ಲಿ ಒಪ್ಪಿಗೆ ಕೊಟ್ಟಿದೆ. ಒಣಭೂಮಿಯ ರೈತರಿಗೆ ಅದರಿಂದ ನೀರು ದೊರೆಯಬೇಕು. ಮುಳುಗುವ ಊರಿನವರಿಗೆ ಪರಿಹಾರ ದೊರೆಯಬೇಕು. ಚರ್ಚೆಯೆಲ್ಲ ಈ ಎರಡರ ಸುತ್ತ ನಡೆದಿರುವುದು ಸಹಜವೇ. ಮಟ್ಟ ಏರಿದ ವರ್ಷ, ನಾವು ದೂರದಲ್ಲಿ ಕುಳಿತು ನೋಡಿದ ಆ ದಿಬ್ಬ ಮಾರ್ಚ್‌ನಲ್ಲಿ ಇನ್ನೂ ನೀರಿನೊಳಗೇ ಇದ್ದೀತು. ಆಗ ನಡುಗಡ್ಡೆಯಾಗಿ ತಲೆಯೆತ್ತುವುದು ಅದಕ್ಕಿಂತ ನಾಲ್ಕಾಳು ಎತ್ತರದಲ್ಲಿರುವ ಬೇರೊಂದು ದಿಬ್ಬ. ಹಿಂದಿರುಗುವಾಗ ನಾವು ಅದರ ಮೇಲೆಯೇ ಹಾದುಬಂದೆವು. ಅಲ್ಲೊಂದು ಬೇವಿನ ಮರವಿದೆ, ಕಲ್ಲಿನ ಕಟ್ಟೆಯ ಬಾವಿಯಿದೆ, ಕೊಯ್ದ ಜೋಳದ ಕೂಳೆಯಿದೆ. ಬಾವಿಯ ಒಡತಿ ಮಕ್ಕಳಿಗೆ ಕುಡಿಯಲು ನೀರು ಸೇದಿಕೊಟ್ಟರು.